ಸಂಪಾದಕರ ಉತ್ತರ: ಕುರ್ಚಿಯಲ್ಲಿ ಕೂತವರ ಮನಸ್ಸು ಕೆಟ್ಟಾಗ

ಓದುಗ ಮಿತ್ರರೇ,

ನಿಮ್ಮ ಪತ್ರ ತಲುಪಿದೆ. ಹೆಸರು ಬೇಡ ಎಂದಿದ್ದೀರಿ, ಹಾಕಿಲ್ಲ. ಪತ್ರ ಓದದವರಿಗಾಗಿ ಅದರ ತಿರುಳು ಹೇಳಿಬಿಡುತ್ತೇನೆ. ತೀವ್ರ ಮಾನಸಿಕ ಕಾಯಿಲೆ ಇರುವ ಪೈಲಟ್ ಕೈಗೆ ಯಾರೂ ವಿಮಾನ ಕೊಡುವುದಿಲ್ಲ, ಹಾಗಿರುವಾಗ ಅಂಥ ಮಂತ್ರಿಯ ಕೈಗೆ ದೇಶವನ್ನು ಹೇಗೆ ಒಪ್ಪಿಸುವುದು ಎಂದು ಕೇಳಿದ್ದೀರಿ. ಅಂಥವರು ರಾಜೀನಾಮೆ ಕೊಡಬೇಕು, ಚುನಾವಣೆಗೆ ನಿಲ್ಲುವವರೆಲ್ಲ ಮನೋವೈದ್ಯರ ಪ್ರಮಾಣಪತ್ರ ಲಗತ್ತಿಸಬೇಕು ಎಂಬುದು ನಿಮ್ಮ ಬೇಡಿಕೆ.

ಪ್ರಶ್ನೆ ನ್ಯಾಯವಾದದ್ದೇ. ರೋಗಿಗಳ ಬಗ್ಗೆ ಕರುಣೆ ಇರಲಿ ಎಂದು ಎರಡು ಮಾತು ಹೇಳಿ ಇದನ್ನು ಪಕ್ಕಕ್ಕೆ ಸರಿಸುವವರ ಸಾಲಿಗೆ ನಾನು ಸೇರಲಾರೆ. ಅಧಿಕಾರ ಇರುವುದು ಜನರ ಕೆಲಸಕ್ಕೆ. ಅದನ್ನು ಹಿಡಿದವರ ಸಮಾಧಾನ ಆಮೇಲಿನ ಮಾತು. ಆದರೆ ನೀವು ಕೊಟ್ಟ ಪೈಲಟ್ ಉದಾಹರಣೆಯೇ ನಿಮ್ಮ ಬೇಡಿಕೆಯ ವಿರುದ್ಧ ಸಾಕ್ಷಿ ಹೇಳುತ್ತದೆ.

ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವ ಪೈಲಟ್‌ಗಳನ್ನು ಅಮೆರಿಕದ ವಿಮಾನಯಾನ ಆಡಳಿತ ಬಹಳ ವರ್ಷ ಹಾರಲು ಬಿಡುತ್ತಿರಲಿಲ್ಲ. ಮಾತ್ರೆ ನುಂಗಿದರೆ ಅನ್ನಕ್ಕೇ ಸಂಚಕಾರ ಎಂದಾದಾಗ ಜನ ಏನು ಮಾಡುತ್ತಾರೆ? ನುಂಗಿಯೂ ಹೇಳುವುದಿಲ್ಲ, ಇಲ್ಲವೇ ಕಾಯಿಲೆ ಇಟ್ಟುಕೊಂಡೇ ಮಾತ್ರೆ ಮುಟ್ಟುವುದಿಲ್ಲ. ಎರಡನೆಯವರು ಮೊದಲನೆಯವರಿಗಿಂತ ಅಪಾಯ. ಕೊನೆಗೆ 2010ರಲ್ಲಿ ಆ ಆಡಳಿತ ನಾಲ್ಕು ಔಷಧಿಗಳನ್ನು ಹೆಸರಿಸಿ, ಚಿಕಿತ್ಸೆಯಲ್ಲಿ ಸ್ಥಿರವಾಗಿರುವವರಿಗೆ ವಿಶೇಷ ಅನುಮತಿ ಕೊಡಲು ಶುರುಮಾಡಿತು. 2015ರಲ್ಲಿ ಜರ್ಮನ್‌ವಿಂಗ್ಸ್ ವಿಮಾನ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿ 150 ಮಂದಿ ಸತ್ತದ್ದು ನಿಮಗೆ ನೆನಪಿರಬಹುದು. ಸಹ ಪೈಲಟ್ ಬೇಕೆಂದೇ ವಿಮಾನವನ್ನು ಇಳಿಸಿದ್ದ. ಕೆಲಸಕ್ಕೆ ಹೋಗಬಾರದೆಂದು ವೈದ್ಯರು ಬರೆದುಕೊಟ್ಟಿದ್ದ ಚೀಟಿ ಹರಿದ ಸ್ಥಿತಿಯಲ್ಲಿ ಅವನ ಮನೆಯಲ್ಲಿ ಸಿಕ್ಕಿತು. ಗಮನಿಸಿ, ಚಾಲ್ತಿಯಲ್ಲಿದ್ದ ವೈದ್ಯಕೀಯ ಪ್ರಮಾಣಪತ್ರವೂ ಅವನ ಬಳಿ ಇತ್ತು. ಇಂಥದ್ದು ತೀರ ಅಪರೂಪ, ಇದನ್ನು ಹಿಡಿದು ಖಿನ್ನತೆ ಇರುವವರನ್ನೆಲ್ಲ ಅನುಮಾನಿಸಬೇಕಿಲ್ಲ. ಪ್ರಮಾಣಪತ್ರದ ಮೇಲೆ ನೀವಿಟ್ಟ ಭರವಸೆ ಎಷ್ಟು ತೆಳುವಾದದ್ದು ಎಂದು ತೋರಿಸಲಷ್ಟೇ ಹೇಳಿದೆ.

ಈಗ ರಾಜಕೀಯಕ್ಕೆ ಬರೋಣ. 1972ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಹುದ್ದೆಯ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್, ಮಿಸ್ಸೌರಿ ರಾಜ್ಯದ ಸೆನೆಟರ್ (ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯ) ಥಾಮಸ್ ಈಗಲ್ಟನ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡರು. ಈಗಲ್ಟನ್ 1960ರ ದಶಕದಲ್ಲಿ ಖಿನ್ನತೆಗಾಗಿ ಮೂರು ಬಾರಿ ಆಸ್ಪತ್ರೆ ಸೇರಿದ್ದರು, ಶಾಕ್ ಚಿಕಿತ್ಸೆಯನ್ನೂ ಪಡೆದಿದ್ದರು. ಇದನ್ನು ಅವರು ಮೆಕ್‌ಗವರ್ನ್‌ಗೆ ಹೇಳಿರಲಿಲ್ಲ. ಸುದ್ದಿ ಹೊರಬಿತ್ತು. ಸಾವಿರ ಪಾಲು ಇವರ ಬೆನ್ನಿಗಿದ್ದೇನೆ ಎಂದ ಮೆಕ್‌ಗವರ್ನ್ ಕೆಲವೇ ದಿನಗಳಲ್ಲಿ ಕೈಬಿಟ್ಟರು. ಒಟ್ಟು ಹದಿನೆಂಟು ದಿನಕ್ಕೆ ಈಗಲ್ಟನ್ ಉಮೇದುವಾರಿಕೆ ಮುಗಿಯಿತು. ಮುಂದಿನ ಕಥೆ ಹೆಚ್ಚಿನವರಿಗೆ ಗೊತ್ತಿಲ್ಲ. ಎಲ್ಲವೂ ಬಯಲಾದ ಮೇಲೆ, 1974 ಮತ್ತು 1980ರಲ್ಲಿ ಮಿಸ್ಸೌರಿಯ ಮತದಾರರು ಅವರನ್ನೇ ಮತ್ತೆ ಗೆಲ್ಲಿಸಿದರು. 1987ರವರೆಗೆ ಅವರು ಸೆನೆಟ್‌ನಲ್ಲಿದ್ದರು.

ಇನ್ನೊಬ್ಬರು ನಾರ್ವೆಯ ಪ್ರಧಾನಿ ಶೆಲ್ ಮಾಗ್ನೆ ಬೋಂಡೆವಿಕ್. 1998ರ ಆಗಸ್ಟ್ ಕೊನೆಯಲ್ಲಿ ಹಾಸಿಗೆಯಿಂದ ಏಳಲೂ ಆಗದ ಸ್ಥಿತಿಗೆ ಬಂದರು. ವಿಪರೀತ ದಣಿವು, ಹೊಟ್ಟೆನೋವು ಎಂದೇನಾದರೂ ಹೇಳಿ ಸಾಗಹಾಕಬಹುದಿತ್ತು, ರಾಜಕಾರಣಿಗಳಿಗೆ ಅದು ಕರತಲಾಮಲಕ. ಅವರ ಕಚೇರಿ ಮಾತ್ರ ಇದು ಖಿನ್ನತೆ ಎಂದೇ ಪ್ರಕಟಿಸಿತು. ಸಂಸ್ಕೃತಿ ಸಚಿವೆ ಆನ್ನೆ ಎಂಗರ್ ಲಾನ್‌ಸ್ಟೈನ್ ಹಂಗಾಮಿ ಪ್ರಧಾನಿಯಾದರು. ಮೂರೂವರೆ ವಾರ ಕಳೆದು ಬೋಂಡೆವಿಕ್ ಕೆಲಸಕ್ಕೆ ಮರಳಿದರು. ಆ ಮೂರೂವರೆ ವಾರ ನಾರ್ವೆಯಲ್ಲಿ ಆಕಾಶವೇನೂ ಕಳಚಿ ಬೀಳಲಿಲ್ಲ, ಏಕೆಂದರೆ ಸಹಿ ಹಾಕುವ ಅಧಿಕಾರ ಯಾರ ಬಳಿ ಇದೆ ಎಂಬುದು ಇಡೀ ದೇಶಕ್ಕೆ ಗೊತ್ತಿತ್ತು. 2001ರ ಚುನಾವಣೆಯ ನಂತರ ಅವರೇ ಮತ್ತೆ ಪ್ರಧಾನಿಯಾದರು.

ಈಗಲ್ಟನ್ ಚಿಕಿತ್ಸೆ ಪಡೆದದ್ದು ತಪ್ಪಲ್ಲ, ಜೊತೆಗಾರನಿಂದ ಅದನ್ನು ಮುಚ್ಚಿಟ್ಟದ್ದು ತಪ್ಪು. ಆದರೆ ಹೇಳಿಕೊಂಡರೆ ಕುರ್ಚಿ ಹೋಗುತ್ತದೆ ಎಂಬ ವಾತಾವರಣದಲ್ಲಿ ಬಾಯಿ ಬಿಡುವವರು ಯಾರು? ನಿಮ್ಮ ನಿಯಮ ಜಾರಿಗೆ ಬಂದರೆ ಮನಸ್ಸು ಕೆಟ್ಟವರು ರಾಜಕೀಯದಿಂದ ಹೋಗುವುದಿಲ್ಲ. ಮನೋವೈದ್ಯರ ಬಾಗಿಲು ತಟ್ಟಿದವರು ಮಾತ್ರ ಹೋಗುತ್ತಾರೆ, ತಟ್ಟದವರು ಉಳಿಯುತ್ತಾರೆ. ಇದಕ್ಕಿಂತ ಕೆಟ್ಟ ಜರಡಿ ಇನ್ನೊಂದಿಲ್ಲ.

ಹಾಗಂತ ಎಲ್ಲ ಹುದ್ದೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಮೆರಿಕದ ಸೆನೆಟರ್ ಜಾನ್ ಫೆಟರ್‌ಮನ್ 2023ರಲ್ಲಿ ಖಿನ್ನತೆಗಾಗಿ ಸುಮಾರು ಆರು ವಾರ ಆಸ್ಪತ್ರೆಯಲ್ಲಿದ್ದರು. ಅಷ್ಟು ದಿನ ಅವರ ರಾಜ್ಯಕ್ಕೆ ಸೆನೆಟ್‌ನ ನೂರು ಮತಗಳಲ್ಲಿ ಒಂದು ಕಡಿಮೆಯಾಯಿತು. ನಷ್ಟವೇ, ಆದರೆ ಸಹಿಸಬಹುದಾದ ನಷ್ಟ. ಸೇನೆಗೆ ಆದೇಶ ಕೊಡುವವರ ವಿಷಯ ಬೇರೆ. ಅಲ್ಲಿ ಒಂದು ರಾತ್ರಿಯೂ ದೊಡ್ಡದೇ. ಹಾಗಾಗಿ ಆ ಮಟ್ಟದವರಿಗೆ ರಜೆಯ ನಿಯಮ, ಬದಲಿ ಯಾರೆಂಬುದು ಮೊದಲೇ ಬರಹದಲ್ಲಿ ಇರಬೇಕು. ರಜೆ ಮುಗಿಯುವ ಲಕ್ಷಣವೇ ಇಲ್ಲದಿದ್ದರೆ ಹುದ್ದೆ ಬಿಡಬೇಕು. ಬೆನ್ನುಮೂಳೆ ಮುರಿದು ಮಲಗಿದವರಿಗೂ ಇದೇ ಮಾತು. ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಜೆಫ್ ಗ್ಯಾಲಪ್ 2006ರಲ್ಲಿ ಖಿನ್ನತೆಯ ಕಾರಣ ಹೇಳಿಯೇ ರಾಜಕೀಯ ಬಿಟ್ಟರು. ಅದೂ ಸರಿಯಾದ ನಿರ್ಧಾರವೇ, ಏಕೆಂದರೆ ಅದು ಅವರದೇ ನಿರ್ಧಾರ.

ನಿಮ್ಮ ವಾದ ನಿಜವಾಗಿ ಗಟ್ಟಿಯಾಗುವುದು ಇಲ್ಲಿ: ತನಗೆ ಕಾಯಿಲೆ ಇದೆ ಎಂಬ ಅರಿವನ್ನೇ ಕಿತ್ತುಕೊಳ್ಳುವ ಕಾಯಿಲೆಗಳಿವೆ. ಉನ್ಮಾದದ ಏರುಗತಿಯಲ್ಲಿರುವವರು ತಮ್ಮಷ್ಟು ಚುರುಕಾದವರು ಬೇರಿಲ್ಲ ಎಂದೇ ನಂಬಿರುತ್ತಾರೆ. 1959ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಗವರ್ನರ್ (ಅಲ್ಲಿ ಆಡಳಿತ ನಡೆಸುವವರೇ ಇವರು, ನಮ್ಮ ಮುಖ್ಯಮಂತ್ರಿಯಂತೆ) ಅರ್ಲ್ ಲಾಂಗ್ ಅವರನ್ನು ಮನೋರೋಗ ಆಸ್ಪತ್ರೆಗೆ ಸೇರಿಸಲಾಯಿತು. ಆಸ್ಪತ್ರೆಯಲ್ಲಿದ್ದರೂ ಗವರ್ನರ್ ಗವರ್ನರೇ ತಾನೆ? ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುತ್ತಿದ್ದ ಅಧಿಕಾರಿಯನ್ನೇ ವಜಾ ಮಾಡಿಸಿ, ತಮಗೆ ಬೇಕಾದವರನ್ನು ಕೂರಿಸಿ, ಹೊರಗೆ ನಡೆದರು! ನಗು ಬರುವಂತಿದೆ, ಆದರೆ ಇಂಥವರಿಗೆ ಬರೀ ರಜೆಯ ನಿಯಮ ಸಾಲುವುದಿಲ್ಲ. ಇಲ್ಲಿ ಅವರ ಕೈಯಿಂದ ಅಧಿಕಾರವನ್ನು ಬೇರೆಯವರು ತೆಗೆದುಕೊಳ್ಳಲೇಬೇಕು.

ಆದರೆ ಯಾರು? 1886ರ ಜೂನ್‌ನಲ್ಲಿ ಜರ್ಮನಿಯ ಬವೇರಿಯಾದ ದೊರೆ ಎರಡನೇ ಲುಡ್ವಿಗ್‌ನನ್ನು ಮಂತ್ರಿಗಳು ಇಳಿಸಿದರು. ಅರಮನೆ ಕಟ್ಟುವ ಅವನ ಗೀಳಿನಿಂದ ಸಾಲ ಬೆಳೆದಿತ್ತು, ಅವನು ಅವರಿಗೆ ಬೇಡವಾಗಿದ್ದ. ನಾಲ್ವರು ವೈದ್ಯರು ಅವನಿಗೆ ಬುದ್ಧಿಭ್ರಮೆ ಎಂದು ವರದಿ ಕೊಟ್ಟರು, ದೊರೆಯನ್ನು ಪರೀಕ್ಷೆಯನ್ನೇ ಮಾಡದೆ, ಹೆಚ್ಚಾಗಿ ಸೇವಕರ ಹೇಳಿಕೆಗಳನ್ನು ನಂಬಿ. ಕೆಲವೇ ದಿನಗಳಲ್ಲಿ ದೊರೆಯೂ ಆ ವೈದ್ಯರಲ್ಲಿ ಮುಖ್ಯರಾದ ಗುಡ್ಡೆನ್ ಅವರೂ ಸರೋವರದಲ್ಲಿ ಹೆಣವಾಗಿ ಸಿಕ್ಕರು. ಲುಡ್ವಿಗ್‌ಗೆ ನಿಜವಾಗಿ ಏನಾಗಿತ್ತು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ.

ಅಮೆರಿಕದವರು 1967ರಲ್ಲಿ ಸಂವಿಧಾನಕ್ಕೆ ಸೇರಿಸಿದ 25ನೇ ತಿದ್ದುಪಡಿ ನನಗೆ ಹಿಡಿಸುವುದು ಇದೇ ಕಾರಣಕ್ಕೆ. ಅಧ್ಯಕ್ಷರು ಅಸಮರ್ಥರಾಗಿದ್ದಾರೆ ಎಂದು ಹೇಳಬೇಕಾದವರು ಉಪಾಧ್ಯಕ್ಷರು ಮತ್ತು ಸಂಪುಟದ ಬಹುಮತ, ಅಂದರೆ ಅಧ್ಯಕ್ಷರ ಜೊತೆಗಾರರೇ. ಅಧ್ಯಕ್ಷರು ಒಪ್ಪದೆ ಪಟ್ಟು ಹಿಡಿದರೆ ಎರಡೂ ಸದನಗಳ ಮೂರನೇ ಎರಡು ಬಹುಮತ ಬೇಕು. ರೋಗದ ಹೆಸರು ಅಲ್ಲಿ ಕೇಳುವುದಿಲ್ಲ. ಕೆಲಸ ಮಾಡಲು ಆಗುತ್ತದೆಯೇ ಎಂದಷ್ಟೇ ಕೇಳುತ್ತದೆ. ನಮ್ಮ ಸಂವಿಧಾನದ 102 ಮತ್ತು 191ನೇ ವಿಧಿಗಳಲ್ಲೂ ಮತಿವಿಕಲರೆಂದು ನ್ಯಾಯಾಲಯ ಘೋಷಿಸಿದರೆ ಮಾತ್ರ ಸಂಸದರ, ಶಾಸಕರ ಸದಸ್ಯತ್ವ ಹೋಗುತ್ತದೆ. ಮಾನಸಿಕ ಕಾಯಿಲೆ ಇದೆ ಎಂದಮಾತ್ರಕ್ಕೆ ಯಾರನ್ನೂ ಹಾಗೆ ಪರಿಗಣಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಬಿಡಿಸಿ ಹೇಳಿದೆ. ಬ್ರಿಟನ್ನಿನಲ್ಲಿ ಆರು ತಿಂಗಳು ಮಾನಸಿಕ ಚಿಕಿತ್ಸೆಗೆಂದು ಬಂಧನದಲ್ಲಿಟ್ಟ ಸಂಸದರ ಸ್ಥಾನ ತೆರವು ಮಾಡುವ ನಿಯಮವಿತ್ತು. ಪ್ರಜ್ಞೆಯಿಲ್ಲದೆ ಅಷ್ಟೇ ಕಾಲ ಮಲಗಿದವರಿಗೆ ಅಂಥ ನಿಯಮ ಇರಲಿಲ್ಲ! 2013ರಲ್ಲಿ ಅದನ್ನು ತೆಗೆದುಹಾಕಿದರು.

ಇನ್ನು ಪತ್ರದ ಕೊನೆಯ ಪ್ಯಾರಾ. ಒಬ್ಬ ನಾಯಕರ ಹೆಸರು ಬರೆದು, ಅವರ ಭಾಷಣ ನೋಡಿದರೇ ತಲೆ ಸರಿಯಿಲ್ಲ ಎಂದು ಗೊತ್ತಾಗುವುದಿಲ್ಲವೇ ಎಂದು ಕೇಳಿದ್ದೀರಿ. ಆ ಪ್ಯಾರಾ ನಾವು ಅಚ್ಚು ಮಾಡುತ್ತಿಲ್ಲ. 1964ರಲ್ಲಿ ಅಮೆರಿಕದ ಒಂದು ಪತ್ರಿಕೆ, ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಅಧ್ಯಕ್ಷರಾಗಲು ಮಾನಸಿಕವಾಗಿ ಯೋಗ್ಯರೇ ಎಂದು ಮನೋವೈದ್ಯರಿಗೆ ಪತ್ರ ಹಾಕಿ ಕೇಳಿತು. ಅವರನ್ನು ಒಮ್ಮೆಯೂ ಪರೀಕ್ಷಿಸದ 1,189 ಮಂದಿ ಯೋಗ್ಯರಲ್ಲ ಎಂದು ತೀರ್ಪು ಕೊಟ್ಟರು. ಗೋಲ್ಡ್‌ವಾಟರ್ ಮೊಕದ್ದಮೆ ಹೂಡಿ ಗೆದ್ದರು. ಪರೀಕ್ಷಿಸದೆ ಸಾರ್ವಜನಿಕ ವ್ಯಕ್ತಿಗಳ ಮನಸ್ಸಿನ ಬಗ್ಗೆ ವೃತ್ತಿಪರ ಅಭಿಪ್ರಾಯ ಹೇಳಬಾರದು ಎಂದು 1973ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ನಿಯಮ ಮಾಡಿಕೊಂಡಿತು. ವೈದ್ಯರೇ ಹೇಳಬಾರದ್ದನ್ನು ಸಂಪಾದಕ ಹೇಳಲಾದೀತೇ? ಪರಿಹಾರದ ಹಣ ಕಕ್ಕಿದ್ದು ಆ ಪತ್ರಿಕೆಯವರು ಎಂಬುದನ್ನೂ ನಾನು ಮರೆತಿಲ್ಲ.

ಆ ನಾಯಕರು ಎಷ್ಟು ದಿನ ಸದನಕ್ಕೆ ಬಂದಿಲ್ಲ, ಯಾವ ಕಡತ ಸಹಿಯಿಲ್ಲದೆ ಕೊಳೆಯುತ್ತಿದೆ, ಯಾವ ಆದೇಶ ಬೆಳಿಗ್ಗೆ ಹೊರಟು ಸಂಜೆ ವಾಪಸಾಯಿತು ಎಂದು ಬರೆದು ಕಳಿಸಿ. ಅದನ್ನು ಹೆಸರು ಸಮೇತ ಪ್ರಕಟಿಸುತ್ತೇವೆ.

— ಸಂ.