ಬ್ಯಾಟರಿ ರೆಸಿಪ್ರೊಕೇಟಿಂಗ್ ಗರಗಸ ಕೈಯಲ್ಲಿ ಕುಣಿಯುವುದೇಕೆ?
ಮಾವಿನ ಹಸಿ ಕೊಂಬೆ ಕೊಯ್ಯುವಾಗ ಈ ಗರಗಸ (ಬ್ಲೇಡ್ ಹಿಂದೆಮುಂದೆ ಚಲಿಸಿ ಕೊಯ್ಯುವ ಯಂತ್ರ) ಕುಣಿಯುತ್ತದೆ, ಬ್ಲೇಡ್ ಬಾಗುತ್ತದೆ ಎಂದು ಕೇಳಿದ್ದೀರಿ. ಬ್ಲೇಡಿನ ಬುಡದಲ್ಲಿರುವ ಲೋಹದ ಶೂ (ಆನಿಸಿ ಹಿಡಿಯುವ ತಟ್ಟೆ) ಕೊಂಬೆಗೆ ಒತ್ತಿಕೊಂಡಿರದಿದ್ದರೆ, ಬ್ಲೇಡ್ ಮರವನ್ನು ಕೊಯ್ಯುವ ಬದಲು ಇಡೀ ಯಂತ್ರವನ್ನೇ ಹಿಂದೆಮುಂದೆ ಎಳೆದಾಡುತ್ತದೆ. ಆದ್ದರಿಂದ ಎರಡೂ ಕೈಗಳಿಂದ ಹಿಡಿದು, ಶೂವನ್ನು ಬಿಗಿಯಾಗಿ ಆನಿಸಿ, ನಿಧಾನವಾಗಿ ಆರಂಭಿಸಿ, ಗೀರು ಆಳವಾದ ಮೇಲೆ ವೇಗ ಹೆಚ್ಚಿಸಿ. ಲೋಹಕ್ಕೆಂದು ಮಾಡಿದ ಸಣ್ಣ ಹಲ್ಲಿನ ಬ್ಲೇಡಿನಲ್ಲಿ ಹಸಿ ಹೊಟ್ಟು ಕಟ್ಟಿಕೊಳ್ಳುವುದರಿಂದ, ಅಂಗುಲಕ್ಕೆ 5 ಅಥವಾ 6 ಹಲ್ಲುಗಳಿರುವ, ಕೊಂಬೆಯ ದಪ್ಪಕ್ಕಿಂತ 2-3 ಅಂಗುಲ ಉದ್ದವಾದ ಬ್ಲೇಡನ್ನೇ ಬಳಸಿ. ಭಾರದ ಕೊಂಬೆಯನ್ನು ಮೊದಲು ಕೆಳಗಿನಿಂದ ಕಾಲು ಭಾಗದಷ್ಟು ಕೊಯ್ದು, ಅನಂತರ ಆ ಗೀರಿಗಿಂತ ತುಸು ಹೊರಗೆ (ಕೊಂಬೆಯ ತುದಿಯ ಕಡೆಗೆ) ಮೇಲಿನಿಂದ ಕತ್ತರಿಸಿದರೆ ತೊಗಟೆ ಸೀಳುವುದಿಲ್ಲ. ಏಣಿಯ ಮೇಲೆ ನಿಂತು ದಯವಿಟ್ಟು ಇದನ್ನು ಮಾಡಬೇಡಿ. ಬ್ಲೇಡ್ ಬದಲಿಸುವ ಮುನ್ನ ಬ್ಯಾಟರಿ ತೆಗೆದಿಡಿ. ಆಗಷ್ಟೇ ನಿಂತ ಬ್ಲೇಡ್ ಕೈ ಸುಡುವಷ್ಟು ಬಿಸಿಯಿರಬಹುದು.