ಗುಜರಿ ಸಾಮಾನಿನಿಂದ ಪ್ರೊಜೆಕ್ಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾಲೇಜಿನಲ್ಲಿ ಮೂಲೆ ಸೇರಿದ್ದ ಓವರ್‌ಹೆಡ್ ಪ್ರೊಜೆಕ್ಟರ್ ಸಿಕ್ಕಿದೆ. ಕೆಟ್ಟ ಲ್ಯಾಪ್‌ಟಾಪಿನ 15.6 ಇಂಚಿನ ಪರದೆಯೂ ಇದೆ. ಎರಡನ್ನೂ ಸೇರಿಸಿ ವಿಡಿಯೊ ಪ್ರೊಜೆಕ್ಟರ್ ಮಾಡಬಹುದೇ?
– ಓದುಗರು, ಹಾವೇರಿ

ಉತ್ತರ: ಓವರ್‌ಹೆಡ್ ಪ್ರೊಜೆಕ್ಟರ್ (ಓಎಚ್‌ಪಿ) ಸಿಕ್ಕಿದ್ದು ಒಳ್ಳೆಯದಾಯಿತು. ಫ್ರೆನೆಲ್ ಲೆನ್ಸ್ (ಬೆಳಕನ್ನು ಕೂಡಿಸುವ, ಉಂಗುರದಂಥ ಗೀರುಗಳಿರುವ ಚಪ್ಪಟೆ ಲೆನ್ಸ್), ಚಿತ್ರವನ್ನು ಗೋಡೆಗೆ ಬಿಡುವ ಮುಂದಿನ ಲೆನ್ಸ್ ಎರಡೂ ಅದರಲ್ಲೇ ಇವೆ. ಆದರೆ ಈ ಪರದೆ ಅದಕ್ಕೆ ಹೊಂದದು. ಓಎಚ್‌ಪಿಯ ಗಾಜು ಸಾಮಾನ್ಯವಾಗಿ 285 ಮಿ.ಮೀ. ಚೌಕ, ನಿಮ್ಮ ಪ್ಯಾನೆಲ್ಲಿನ (ಪರದೆಯ) ಚಿತ್ರಭಾಗವೇ 344 ಮಿ.ಮೀ. ಅಗಲ. 11.6 ಇಂಚಿನದನ್ನು (256×144 ಮಿ.ಮೀ.) ಹುಡುಕಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಿದೆ, ಬೇರೆ ಊರುಗಳಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ಕೇಳಿ. ಕೊಳ್ಳುವ ಮುನ್ನ ಹಿಂಬದಿ ನೋಡಿ: ಸರ್ಕ್ಯೂಟ್ ಪಟ್ಟಿ ಹಿಂದಕ್ಕೆ ಮಡಚಿದ್ದರೆ, ಅದನ್ನು ಚಿತ್ರಭಾಗದಿಂದ ಆಚೆ ಚಾಚುವಷ್ಟು ರಿಬ್ಬನ್ ಇರಬೇಕು. ರಿಬ್ಬನ್ ಒಮ್ಮೆ ಕಿತ್ತರೆ ಮನೆಯಲ್ಲಿ ಕೂಡಿಸಲಾಗದು. ಪರದೆಗೆ ವಿಡಿಯೊ ಕೊಡುವ ಎಚ್‌ಡಿಎಂಐ ಬೋರ್ಡನ್ನು ಪ್ಯಾನೆಲ್ಲಿನ ಮಾದರಿ ಸಂಖ್ಯೆ ಹೇಳಿಯೇ ಕೊಳ್ಳಿ. ಎಲ್‌ವಿಡಿಎಸ್, ಇಡಿಪಿ ಎಂಬುವು ಪ್ಯಾನೆಲ್ ಜೋಡಣೆಯ ಎರಡು ಬಗೆ: 40 ಪಿನ್ನಿನ ಎಲ್‌ವಿಡಿಎಸ್ ಬೋರ್ಡು 30 ಪಿನ್ನಿನ ಇಡಿಪಿ ಪ್ಯಾನೆಲ್ಲಿಗೆ ಆಗದು.

ಓಎಚ್‌ಪಿಯ ಬೆಳಕು ಪ್ಯಾನೆಲ್ಲನ್ನು ಹಾಯ್ದು ಹೋಗಬೇಕು. ಹಾಗಾಗಿ ಪ್ಯಾನೆಲ್ಲಿನ ಹಿಂದಿರುವ ಬ್ಯಾಕ್‌ಲೈಟಿನ (ಅದರದೇ ದೀಪದ) ಹಾಳೆಗಳನ್ನು ತೆಗೆಯಿರಿ, ಎಸೆಯಬೇಡಿ. ಗಾಜಿಗೆ ಅಂಟಿದ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಮುಟ್ಟಬೇಡಿ.

ಓಎಚ್‌ಪಿಯ ಲೆನ್ಸಿನ ಫೋಕಲ್ ದೂರ ಸಾಮಾನ್ಯವಾಗಿ 317 ಮಿ.ಮೀ. ಆಸುಪಾಸು. ಚಿತ್ರ ಆರು ಪಟ್ಟು ಹಿಗ್ಗಬೇಕಾದರೆ ಪ್ಯಾನೆಲ್ಲಿನಿಂದ ಲೆನ್ಸಿಗೆ 37 ಸೆಂ.ಮೀ., ಲೆನ್ಸಿನಿಂದ ಗೋಡೆಗೆ 2.2 ಮೀಟರ್. ಐದಡಿ ಅಗಲದ ಚಿತ್ರ ಬರುತ್ತದೆ. ಓಎಚ್‌ಪಿಯ ಕನ್ನಡಿ ಉಳಿಸಿಕೊಂಡರೆ ಪ್ಯಾನೆಲ್ಲಿನ ಮುಖ ಲೆನ್ಸಿನ ಕಡೆಗಿರಲಿ. ಕನ್ನಡಿ ತೆಗೆದು ನೇರವಾಗಿ ಬಿಟ್ಟರೆ ಮುಖ ದೀಪದ ಕಡೆಗೆ, ಅದೂ ತಲೆಕೆಳಗಾಗಿ. ಇಲ್ಲದಿದ್ದರೆ ಅಕ್ಷರಗಳು ಎಡಬಲವಾಗುತ್ತವೆ.

ಪ್ರಶ್ನೆ: 100 ವ್ಯಾಟ್ ಎಲ್‌ಇಡಿ ಹಾಕಿ ಪ್ರೊಜೆಕ್ಟರ್ ಮಾಡಿದೆವು. ಸ್ವಲ್ಪ ಹೊತ್ತಿಗೆ ಚಿತ್ರದ ನಡುವೆ ಕಪ್ಪು ಮಚ್ಚೆ ಹಬ್ಬುತ್ತದೆ, ಆರಿಸಿದರೆ ಹೋಗುತ್ತದೆ. ಮೂಲೆಗಳೂ ಮಂಕು. ಎಲ್‌ಇಡಿ ಬಿಸಿ ಸೂಸುವುದಿಲ್ಲವಲ್ಲ?
– ಓದುಗರು, ತುಮಕೂರು

ಉತ್ತರ: ಬಿಸಿ ಬರುತ್ತಿರುವುದು ಬೆಳಕಿನಿಂದಲೇ. ಪೋಲರೈಸರ್ ಮತ್ತು ಬಣ್ಣದ ಫಿಲ್ಟರುಗಳು ಬಹುಪಾಲು ಬೆಳಕನ್ನು ನುಂಗುತ್ತವೆ. ದೀಪದ ಕಡೆಯ ಪೋಲರೈಸರ್ ಒಂದೇ ಸುಮಾರು ಅರ್ಧದಷ್ಟನ್ನು ಹೀರಿ ಬಿಸಿಯಾಗುತ್ತದೆ. ಕಾವು ಮಿತಿ ಮೀರಿದರೆ ಪ್ಯಾನೆಲ್ಲಿನೊಳಗಿನ ದ್ರವಸ್ಫಟಿಕ (ಲಿಕ್ವಿಡ್ ಕ್ರಿಸ್ಟಲ್) ತನ್ನ ಜೋಡಣೆ ಕಳೆದುಕೊಳ್ಳುತ್ತದೆ, ಆ ಭಾಗದಲ್ಲಿ ಬೆಳಕು ದಾಟುವುದಿಲ್ಲ. ಅದೇ ಮಚ್ಚೆ. ತಣಿದರೆ ಸರಿಹೋಗುತ್ತದೆ ನಿಜ, ಆದರೆ ಹೀಗೇ ಓಡಿಸಿದರೆ ಪೋಲರೈಸರ್ ಹಳದಿಗಟ್ಟುತ್ತದೆ, ಅದಕ್ಕೆ ಮದ್ದಿಲ್ಲ. ಹ್ಯಾಲೊಜೆನ್ನಿಗೆ ಹಾಕುವ ಶಾಖ ತಡೆಯುವ ಗಾಜು ಇಲ್ಲಿ ದಂಡ.

ಪ್ಯಾನೆಲ್ಲಿನ ಎರಡೂ ಬದಿ 20 ಮಿ.ಮೀ. ಜಾಗ ಬಿಟ್ಟು, ಗಾಳಿ ಎರಡೂ ಮೈ ಸವರಿ ಹೋಗುವಂತೆ 120 ಮಿ.ಮೀ. ಫ್ಯಾನ್ ಕೂರಿಸಿ. ಆ ಜಾಗ ಬಿಟ್ಟರೆ ಫ್ರೆನೆಲ್ಲಿನ ಉಂಗುರಗಳೂ ಗೋಡೆಯ ಮೇಲೆ ಮೂಡವು. ಆಮೇಲೆ, ತೆಗೆದಿಟ್ಟ ಬ್ಯಾಕ್‌ಲೈಟ್ ಹಾಳೆಗಳನ್ನು ಒಂದೊಂದಾಗಿ ಉರಿಯುತ್ತಿರುವ ಎಲ್‌ಸಿಡಿ ಮಾನಿಟರಿನ ಮೇಲೆ ತಿರುಗಿಸಿ ನೋಡಿ. ಕನ್ನಡಿಯಂತೆ ಹೊಳೆಯುವ ಒಂದು ಹಾಳೆ ಕಾಲು ಸುತ್ತಿಗೆ ಕಪ್ಪಾದರೆ, ಅದು ಪ್ರತಿಫಲಿಸುವ ಪೋಲರೈಸರ್. ಎಲ್ಲ ಪ್ಯಾನೆಲ್ಲಿನಲ್ಲೂ ಇರುವುದಿಲ್ಲ, ಇದ್ದರೆ ಬಿಡಬೇಡಿ. ಅದನ್ನು ದೀಪಕ್ಕೂ ಪ್ಯಾನೆಲ್ಲಿಗೂ ನಡುವೆ, ಚಿತ್ರ ಅತಿ ಬೆಳಗುವ ಕೋನಕ್ಕೆ ತಿರುಗಿಸಿ ನಿಲ್ಲಿಸಿ. ಬೇಡದ ಬೆಳಕು ಪ್ಯಾನೆಲ್ ತಲುಪುವ ಮೊದಲೇ ಹಿಂತಿರುಗುತ್ತದೆ.

ಮೂಲೆಗಳ ಮಂಕಿಗೆ ಕಾರಣ ಬೇರೆ: ಎಲ್‌ಇಡಿ ಫ್ರೆನೆಲ್ಲಿನ ಫೋಕಸ್ಸಿನಲ್ಲಿಲ್ಲ. ಮುಂದಿನ ಲೆನ್ಸಿನ ಬಾಯಿಗೆ ಬಟರ್ ಪೇಪರ್ ಹಿಡಿದು, ಅದರ ಮೇಲಿನ ಬೆಳಕಿನ ಚುಕ್ಕೆ ಅತಿ ಚಿಕ್ಕದಾಗಿ ನಟ್ಟನಡುವೆ ಬೀಳುವತನಕ ಎಲ್‌ಇಡಿಯನ್ನು ಹಿಂದೆ ಮುಂದೆ ಸರಿಸಿ. ಎರಡು ಫ್ರೆನೆಲ್ ಬೇರ್ಪಡಿಸಿ ನಡುವೆ ಪ್ಯಾನೆಲ್ ಇಟ್ಟಿದ್ದರೆ, ಗೀರುಗಳಿರುವ ಬದಿಗಳು ಒಂದಕ್ಕೊಂದು ಎದುರಾಗಿರಬೇಕು.

ಪ್ರಶ್ನೆ: ಮುಂದಿನ ಲೆನ್ಸಿನ ಬದಲು ಭೂತಗನ್ನಡಿ ಹಾಕಿದರೆ ನಡೆಯುತ್ತದೆಯೇ? ಎಲ್‌ಇಡಿಗೆ ಯಾವ ವಿದ್ಯುತ್ ಕೊಡಬೇಕು?
– ಓದುಗರು, ಪುತ್ತೂರು

ಉತ್ತರ: ಚಿತ್ರ ಬರುತ್ತದೆ, ಆದರೆ ಅಂಚಿನಲ್ಲಿ ಬಣ್ಣ ಒಡೆಯುತ್ತದೆ, ಮೂಲೆಯ ಅಕ್ಷರ ಓದಲಾಗದು. ಓಎಚ್‌ಪಿಯ ಲೆನ್ಸನ್ನೇ ಹುಡುಕಿ. 100 ವ್ಯಾಟಿನ ಎಲ್‌ಇಡಿಗೆ ಸಾಮಾನ್ಯವಾಗಿ 30ರಿಂದ 34 ವೋಲ್ಟ್, 3 ಆಂಪಿಯರ್ ಬೇಕು. ಕರೆಂಟನ್ನು ಸ್ಥಿರವಾಗಿಡುವ ಡ್ರೈವರನ್ನೇ ಕೊಳ್ಳಿ. ಎಲ್‌ಇಡಿಯನ್ನು ತಣ್ಣಗಿಡಲು ಹಳೆ ಕಂಪ್ಯೂಟರಿನ ಸಿಪಿಯು ಹೀಟ್‌ಸಿಂಕ್ (ಕಾವು ಹೀರುವ ಲೋಹದ ತುಂಡು) ದೊಡ್ಡದಿದ್ದರೆ ಸಾಕು, ಫ್ಯಾನ್ ಸಮೇತ ಹಾಕಿ. ಹೀಟ್‌ಸಿಂಕಿಗೆ 70 ಡಿಗ್ರಿಯ ಕೆಎಸ್‌ಡಿ301 ಥರ್ಮೋಸ್ಟಾಟ್ (ಕಾವಿಗೆ ತಕ್ಕಂತೆ ಕೆಲಸ ಮಾಡುವ ಸ್ವಿಚ್) ಬಿಗಿದು ಡ್ರೈವರಿನ ಲೈನಿನಲ್ಲಿ ಸೇರಿಸಿ. ಕಾವೇರಿದಾಗ ಕರೆಂಟು ಕಡಿಯುವ ಬಗೆಯದೇ ಆಗಿರಲಿ. ಫ್ಯಾನ್ ನಿಂತರೆ ದೀಪವೂ ಆರುತ್ತದೆ.