ಹಂದಿ ಕಜ್ಜಿಗೆ ರಕ್ತಪರೀಕ್ಷೆ ಬೇಕೆ?

ಪ್ರಶ್ನೆ: ನಮ್ಮ 12 ಹಂದಿಗಳೂ ದಿನವಿಡೀ ಗೋಡೆಗೆ ಮೈ ಉಜ್ಜುತ್ತಿವೆ. ರಕ್ತಪರೀಕ್ಷೆಯಿಂದ ಕಜ್ಜಿ ಹೌದೋ ಅಲ್ಲವೋ ತಿಳಿಯುತ್ತದೆಯೇ?
– ಓದುಗರೊಬ್ಬರು, ಕೊಡಗು

ಉತ್ತರ: ಎಲೈಸಾ ಎಂಬ ರಕ್ತಪರೀಕ್ಷೆ ಇದೆ. ಆದರೆ ಅದು ಹುಡುಕುವುದು ಕಜ್ಜಿ ತರುವ ಸೂಕ್ಷ್ಮ ಹುಳವನ್ನಲ್ಲ, ಹುಳದ ವಿರುದ್ಧ ಹಂದಿಯ ಮೈ ತಯಾರಿಸಿದ ಪ್ರತಿಕಾಯವನ್ನು. ಸೋಂಕು ತಗುಲಿ ಐದಾರು ವಾರ ಕಳೆಯದೆ ಅದು ಸಿಗುವುದು ಕಷ್ಟ. ಗುಣವಾದ ಮೇಲೂ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿದಿರುತ್ತದೆ. ಹಾಗಾಗಿ ಇಡೀ ಹಿಂಡನ್ನು ಅಳೆಯಲು ಸರಿ, ಒಂದೇ ಹಂದಿಯ ಜಾತಕ ಹೇಳಲು ಅಲ್ಲ.

ನಾನಾದರೆ ಮೊದಲು ಕಿವಿ ನೋಡುತ್ತೇನೆ. ಒಳಗಿನ ಹಕ್ಕಳೆ ಹೆರೆದು ಸೂಕ್ಷ್ಮದರ್ಶಕದಡಿ ಇಟ್ಟರೆ ಎಂಟು ಕಾಲಿನ ಕಳ್ಳ ಸಿಕ್ಕಿಬೀಳುತ್ತಾನೆ. (ಹಂದಿಯನ್ನು ಗಟ್ಟಿಯಾಗಿ ಹಿಡಿಯುವವರಿರಲಿ; ನನ್ನದೊಂದು ಕನ್ನಡಕ ಹೀಗೇ ಹೋಯಿತು.) ಸಿಕ್ಕರೆ ಪಶುವೈದ್ಯರಿಂದ ಐವರ್ಮೆಕ್ಟಿನ್ ಚುಚ್ಚುಮದ್ದು, ಹನ್ನೆರಡಕ್ಕೂ. ಅದು ಮೊಟ್ಟೆಗಳನ್ನು ಕೊಲ್ಲದು, ಆದ್ದರಿಂದ 14 ದಿನ ಬಿಟ್ಟು ಮತ್ತೊಮ್ಮೆ.